ಹೆಸರು ಕೊಟ್ಟುಬಿಟ್ಟ ದೇವರು

ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ, ಒಂದು ಕಾಡುದಾರಿಯ ತಿರುವಿನಲ್ಲಿ ಒಂದು ಒರತೆ ಇತ್ತಂತೆ. ಒರತೆಯ ಪಕ್ಕದಲ್ಲಿ ಒಬ್ಬ ದೇವರು. ಗುಡಿಯಿಲ್ಲ, ಪೂಜಾರಿಯಿಲ್ಲ, ಬರೀ ಒಂದು ಕಲ್ಲು. ದಾರಿಹೋಕರು ನೀರು ಕುಡಿದು, ಅವನಿಗೊಂದು ಸುತ್ತು ಬಂದು ಮುಂದೆ ಹೋಗುವರು. ಒಂದು ದಿನ ಮಕ್ಕಳಿಲ್ಲದ ಹೆಂಗಸೊಬ್ಬಳು ಬಂದು ಅಳುತ್ತ ಕೂತಳು. ಕೊಡೋಣವೆಂದರೆ ದೇವರ ಬಳಿ ಏನಿತ್ತು? ಇದ್ದದ್ದನ್ನೆಲ್ಲ ಕೇಳಿದವರಿಗೆ ಕೊಟ್ಟು ಮುಗಿದಿತ್ತು. ಉಳಿದದ್ದು ಹೆಸರೊಂದೇ. ಅದನ್ನೇ ಕೊಟ್ಟುಬಿಟ್ಟ. ಹೆಸರಿನ ಹಿಂದೆಯೇ ಮಗು ಬಂತು. ಅಂದಿನಿಂದ ಆ ದೇವರಿಗೆ ಹೆಸರಿಲ್ಲ.

ಆ ಹೆಸರು ಏನಿತ್ತಜ್ಜಿ ಎಂದು ನಾನು ಪ್ರತಿಸಲವೂ ಕೇಳುತ್ತಿದ್ದೆ. ಅಜ್ಜಿ ಸೆರಗಿನೊಳಗೆ ನಗುತ್ತಿದ್ದಳು. "ಕೊಟ್ಟಿದ್ದನ್ನ ಕೆದಕಬಾರದು ಕಣೇ, ಮಲ್ಲಿಕಾಂಬ."

ಈ ಕಥೆಯನ್ನು ಮೊದಲು ಹೇಳಿದ್ದಕ್ಕೆ ಕಾರಣವಿದೆ. ನನ್ನ ತಾತನ ಹೆಣ ಸಿಕ್ಕಿದ್ದು ಅಂಥದೇ ಒಂದು ಒರತೆಯ ಪಕ್ಕದಲ್ಲಿ.

ಲಿಂಗದಹಳ್ಳಿಯ ಮೇಲಿನ ಕಾಡಿಗೆ ಸೊಪ್ಪು ತರಲು ಹೋದ ಹೆಂಗಸರು ನೋಡಿದರು. ಮುದುಕರೊಬ್ಬರು ಕಲ್ಲಿಗೊರಗಿ ಕೂತಿದ್ದಾರೆ. ರುಮಾಲು ತೊಡೆಯ ಮೇಲಿದೆ. ಕಣ್ಣು ತೆರೆದಿದೆ. ಮಾತಾಡಿಸಿದರೆ ಉತ್ತರವಿಲ್ಲ. ತರೀಕೆರೆಯ ಡಾಕ್ಟರು ಬಂದು ನೋಡಿ, ಮೈಮೇಲೆ ಗಾಯವಿಲ್ಲ, ಹೊಟ್ಟೆಯಲ್ಲಿ ವಿಷವಿಲ್ಲ, ಎದೆ ನಿಂತಿದೆ ಎಂದರು.

ಸಾವು ಯಾರನ್ನೂ ಬೆರಗುಗೊಳಿಸಲಿಲ್ಲ. ಬೆರಗುಗೊಳಿಸಿದ್ದು ಜಾಗ. ಅಜ್ಜಂಪುರದ ಹತ್ತಿ ವರ್ತಕ ತೀರ್ಥಪ್ಪ ಅಷ್ಟು ದೂರದ ಕಾಡಿಗೆ ಯಾಕೆ ಹೋದರು? ಅದೂ ಆ ದಾರಿಗೇ, ಆ ಒರತೆಗೇ?

"ಪುಸ್ತಕದಲ್ಲಿ ಇದ್ದಿದ್ದು ನಿಜ ಆಯ್ತಲ್ಲ," ಎಂದಿತು ಊರು.

ಪುಸ್ತಕದ ವಿಷಯ ಹೇಳುತ್ತೇನೆ. ಜರ್ಮನಿಯ ಯುದ್ಧ ನಡೆಯುತ್ತಿದ್ದ ವರ್ಷಗಳು. ಆ ಕಾಡಿನಿಂದ ಕಳ್ಳ ಶ್ರೀಗಂಧ ಗಾಡಿಗಳಲ್ಲಿ ತರೀಕೆರೆಯ ರೈಲಿಗೆ ಇಳಿದಿತ್ತು. ಅಡ್ಡ ಬಂದ ಕಾಡಿನ ಗಾರ್ಡನೊಬ್ಬನನ್ನು ಕೊಂದಿದ್ದರು. ಗಂಧ ಮಹಾರಾಜರ ಸ್ವತ್ತು. ಸರ್ಕಾರ ಕಮಿಟಿ ನೇಮಿಸಿತು. ವಿಚಾರಣೆ ಮುಗಿದ ಮೇಲೆ ಕಮಿಟಿಯ ಕಾಗದಪತ್ರಗಳನ್ನೆಲ್ಲ ಪ್ರಜೆಗಳ ತಿಳಿವಳಿಕೆಗೆಂದು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿ ಹೊರಬಿಟ್ಟಿತು. ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ಅದರಲ್ಲಿ ತಾತನ ಹೆಸರು ಬಂದದ್ದು ಒಂದೇ ಕಡೆ — ದಾರಿಯಲ್ಲಿ ಹೋಗುವವನ ನೆರಳು ಯಾರದೋ ಗೋಡೆಯ ಮೇಲೆ ಬಿದ್ದ ಹಾಗೆ. ಕಳ್ಳರ ಗಾಡಿ ಹೊಡೆದಿದ್ದ ಕರಿಯಪ್ಪನೆಂಬುವನ ಹೇಳಿಕೆ ಅದು. ಎತ್ತುಗಳಿಗೆ ನೀರು ಕುಡಿಸಿ, ತೀರ್ಥಪ್ಪನ ಬೆಂಬಲದೊಂದಿಗೆ ಮುಂದಕ್ಕೆ ಹೊರಟೆವು. ಅಷ್ಟೇ. ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಒಂದು ಟಿಪ್ಪಣಿ: ಅಜ್ಜಂಪುರದ ವರ್ತಕರು, ಪ್ರಜಾಪ್ರತಿನಿಧಿ ಸಭೆಯ ಸದಸ್ಯರು.

ಯಾರೂ ತಾತನನ್ನು ಹಿಡಿಯಲಿಲ್ಲ. ಹಿಡಿದಿದ್ದರೆ ಬಿಡುಗಡೆಯಾದರೂ ಆಗುತ್ತಿತ್ತು. ಆರೋಪವೇ ಇಲ್ಲದ ಮೇಲೆ ಯಾರ ಮುಂದೆ ನಿಂತು ಅಲ್ಲವೆನ್ನುವುದು? ಕರಿಯಪ್ಪನನ್ನು ಕೇಳೋಣವೆಂದರೆ ಅವನು ಜೈಲಿನಲ್ಲೇ ಜ್ವರ ಬಂದು ಸತ್ತಿದ್ದ. ಸಂತೆಯಲ್ಲಿ ಬಸವರಾಜಪ್ಪ ಆ ಸಾಲನ್ನು ಗಟ್ಟಿಯಾಗಿ ಓದಿ ಅರ್ಥ ಹೇಳಿದ. ಸಭೆಯ ಚುನಾವಣೆಯಲ್ಲಿ ತಾತನೆದುರು ಸೋತಿದ್ದವನು. ಮಠದ ಪಂಕ್ತಿಯಲ್ಲಿ ತಾತನ ಪಕ್ಕ ಜಾಗ ಖಾಲಿ ಉಳಿಯತೊಡಗಿತು. ಶ್ರಾವಣ ಕಳೆದ ಮೇಲೆ ಕಡೂರಿನ ಗಂಡಿನವರು ನನ್ನ ನಿಶ್ಚಯವನ್ನು ಮುರಿದರು.

ಮನೆ ಬಿಟ್ಟು ಹೋಗುವ ಹಿಂದಿನ ಸಂಜೆ ತಾತ ಹತ್ತಿಯ ಅಂಡಿಗೆಗಳ ಮೇಲೆ ಕೂತಿದ್ದರು. ನನ್ನನ್ನು ಕರೆದರು.

"ನನ್ನ ಹೆಸರು ಜನ ಈಗ ಹೆಂಗೆ ಹೇಳ್ತಾರೆ ಗೊತ್ತೇನೇ? ಕೆಟ್ಟ ಕಾಯಿಲೆ ಹೆಸರು ಹೇಳ್ದಂಗೆ. ಪಿಸುಮಾತಲ್ಲಿ. ತುಂಬಿದ ಕಚೇರೀಲಿ ಒಬ್ಬರಾದ್ರೂ ಅದನ್ನ ಗಟ್ಟಿಯಾಗಿ ಹೇಳೋದು ಕೇಳಿ ಸಾಯ್ಬೇಕು ಅನ್ಸುತ್ತೆ."

"ನಾನು ಹೇಳಿಸ್ತೀನಿ ತಾತ."

ಮಾತು ಕೊಟ್ಟುಬಿಟ್ಟೆ. ಕಥೆಗಳಲ್ಲಿ ರಾಜಕುಮಾರಿಯರು ಕೊಡುವ ಹಾಗೆ, ಹೇಗೆಂದು ಯೋಚಿಸದೆ.

ಶಿವಮೂರ್ತಪ್ಪನವರು ಕಡೂರಿನವರು, ಅಜ್ಜಿಗೆ ದೂರದ ತಮ್ಮ, ಪೊಲೀಸು ಇನ್‌ಸ್ಪೆಕ್ಟರಾಗಿ ನಿವೃತ್ತರು. ಎಂದೋ ಕಿವಿಯ ಪಕ್ಕ ಬಂದೂಕು ಹಾರಿ ಎಡಗಿವಿ ಹೋಗಿತ್ತು. ತಾತನ ಸಾವಿನ ಸುದ್ದಿ ಕೇಳಿ ಬಂದವರೇ ನಸ್ಯ ಏರಿಸಿ, "ಬಲಕ್ಕೆ ಬಾರೇ ಹುಡುಗಿ, ಬಲಕ್ಕೆ. ಎಡಕ್ಕೆ ಕೂತವರೆಲ್ಲ ನನಗೆ ಮೂಗರು," ಎಂದರು. ಆಮೇಲೆ ಅಜ್ಜಿಯ ಕಡೆ ತಿರುಗಿದರು.

"ಅಕ್ಕ, ಭಾವ ಹೊರಡುವಾಗ ಏನಂದ್ರು?"

"ಒರತೆಗೆ ಹೋಗಿ ಬತ್ತೀನಿ ಅಂದ್ರು."

"ನಿನಗೆ ಗೊತ್ತಿತ್ತಾ? ಪೊಲೀಸರಿಗೆ ಯಾಕೆ ಹೇಳ್ಲಿಲ್ಲ?"

"ಹೇಳ್ದೆ. ಯಾಕೆ ಹೋದ್ರು ಅಂದ್ರು, ದೇವರಿಗೆ ಅಂದೆ. ಬರ್ಕೊಳ್ಳಲೂ ಇಲ್ಲ ಅವರು."

"ಇಲ್ಲಿ ಇಲ್ಲದ ದೇವರು ಅಲ್ಲಿ ಯಾವನಿದಾನೆ?"

ಅಜ್ಜಿ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. "ಅವರ ದೇವರು," ಎಂದಳು.

ನಾವು ಬಸವರಾಜಪ್ಪನ ಮಂಡಿಗೆ ಹೋದೆವು. ನಾನೂ ಹೋದದ್ದು ಊರಿಗೆ ಸರಿಬೀಳಲಿಲ್ಲ. ಊರಿಗೆ ಸರಿಬೀಳುವಂಥದು ನಮ್ಮಲ್ಲಿ ಏನೂ ಉಳಿದಿರಲಿಲ್ಲ. ಕರಿಯಪ್ಪನಿಗೆ ಕೈಬಿಸಿ ಮಾಡಿ ಆ ಹೆಸರು ಹೇಳಿಸಿದಿರಾ ಎಂದು ಶಿವಮೂರ್ತಪ್ಪನವರು ನೇರವಾಗಿಯೇ ಕೇಳಿದರು.

"ಓದಿದ್ದು ನಿಜ ಕಣ್ರೀ," ಎಂದ ಬಸವರಾಜಪ್ಪ. "ಓದುವಾಗ ಸಂತೋಷ ಆಗಿದ್ದೂ ನಿಜ. ಹೇಳಿಸೋದಾಗಿದ್ರೆ ಒಂದೇ ಸಾಲು ಹೇಳಿಸ್ತಿದ್ನಾ? ಪುಟಗಟ್ಟಲೆ ಹೇಳಿಸ್ತಿದ್ದೆ."

ಹೊರಗೆ ಬಂದ ಮೇಲೆ ಶಿವಮೂರ್ತಪ್ಪನವರು ಬಹಳ ದೂರ ನಡೆದು ನಿಂತರು.

"ಅವನು ಹೇಳಿದ್ದು ಸರಿ ಕಣೇ. ಸುಳ್ಳು ಇಷ್ಟು ಚಿಕ್ಕದಾಗಿ ಇರೋದಿಲ್ಲ. ಇದು ಬೇರೆ ಏನೋ. ಇನ್ನೊಂದು ಯೋಚನೆ ಮಾಡು. ಲಿಂಗದಹಳ್ಳಿ ಕಡೆ ಗಾಡಿಯವನಿಗೆ ಅಜ್ಜಂಪುರದ ವರ್ತಕ, ಸಭೆಯ ಸದಸ್ಯ, ಇದೆಲ್ಲ ಎಲ್ಲಿಂದ ಗೊತ್ತಾಗ್ಬೇಕು? ಅವನು ಹೇಳಿದ್ದು ತೀರ್ಥಪ್ಪ ಅಂತ ಮಾತ್ರ. ಅಡಿಯಲ್ಲಿರೋ ಟಿಪ್ಪಣಿ ಯಾರು ಬರೆದ್ರು?"

ಉತ್ತರ ನನಗೆ ಗೊತ್ತಿತ್ತು. ಕಡೂರಿಗೆ ಹೋಗೋಣ ಎಂದೆ. ಕಮಿಟಿಯ ಆಫೀಸಿನಲ್ಲಿ ಕನ್ನಡ ಹೇಳಿಕೆಗಳನ್ನು ಇಂಗ್ಲಿಷಿಗೆ ಇಳಿಸುತ್ತಿದ್ದವರು ಓಂಕಾರಮೂರ್ತಿ. ತಾತನೇ ಓದಿಗೆ ದಾರಿ ಮಾಡಿಕೊಟ್ಟಿದ್ದ ಕಡೂರಿನ ಹುಡುಗ. ನನ್ನನ್ನು ಮದುವೆಯಾಗಬೇಕಿದ್ದವರು.

ರಜೆಯ ಮೇಲೆ ಕಡೂರಿನ ಮನೆಯಲ್ಲೇ ಇದ್ದರು. ಇಳಿದುಹೋಗಿದ್ದರು. ನಮ್ಮನ್ನು ಕಂಡು ಎದ್ದು ನಿಂತವರು ಕೂರಲೇ ಇಲ್ಲ.

"ಕರಿಯಪ್ಪನ ಬಾಯಲ್ಲಿ ಬಂದ ಕನ್ನಡದ ಮಾತು ಏನು?"

"ನೂರಾರು ಹೇಳಿಕೆಗಳು ಸಾರ್. ನೆನಪಿಲ್ಲ."

"ಟಿಪ್ಪಣಿ?"

"ಕಮಿಟಿಯ ಅಧ್ಯಕ್ಷರು ಕೇಳಿದರು, ಈ ತೀರ್ಥಪ್ಪ ಯಾರು ಅಂತ. ನನಗೆ ಗೊತ್ತಿದ್ದ ತೀರ್ಥಪ್ಪನವರು ಒಬ್ಬರೇ."

ಆ ಮಾತು ಹೇಳುವಾಗ ಅವರ ದನಿ ಸಣ್ಣಗಾಯಿತು. ಕಟ್ಟಿದ ಸುಳ್ಳಲ್ಲವೆಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಪುಸ್ತಕ ಹೊರಬಂದ ಮೇಲೆ ತಾತನನ್ನು ಕಂಡಿದ್ದಿರಾ ಎಂದರು ಶಿವಮೂರ್ತಪ್ಪನವರು. ಶ್ರಾವಣದಲ್ಲಿ ಅಜ್ಜಂಪುರಕ್ಕೆ ಹೋಗಿದ್ದೆ, ಅವರು ಆ ಸಾಲಿನ ಬಗ್ಗೆ ಕೇಳಿದರು, ಆಫೀಸಿನ ಗುಟ್ಟು ಹೇಳುವಂತಿಲ್ಲ ಎಂದೆ — ಇಷ್ಟು ಹೇಳಿ ಓಂಕಾರಮೂರ್ತಿ ನನ್ನತ್ತ ತಿರುಗಿದರು. "ನಿಮ್ಮಜ್ಜಿ ಈಗಲೂ ಕಥೆ ಹೇಳ್ತಾರಾ?"

ಆ ಪ್ರಶ್ನೆಯನ್ನು ರೈಲಿನಲ್ಲಿ ದಾರಿಯುದ್ದಕ್ಕೂ ಮಡಿಲಲ್ಲಿ ಇಟ್ಟುಕೊಂಡು ಬಂದೆ. ಶ್ರಾವಣದ ಆ ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಮಕ್ಕಳ ಜೊತೆ ಚಕ್ಕಳಮಕ್ಕಳ ಕೂತು ಅವರು ಅಜ್ಜಿಯ ಕಥೆ ಕೇಳಿದ್ದರು. ಆ ದೇವರ ಹೆಸರೇನಜ್ಜಿ, ಹೇಳಿ ಎಂದು ಮತ್ತೆ ಮತ್ತೆ ಗೋಗರೆದಿದ್ದರು. ಇಂಗ್ಲಿಷು ಓದಿದವರಾದರೂ ನನ್ನ ಹಾಗೆಯೇ ಕಥೆಯ ಹುಚ್ಚು ಎಂದುಕೊಂಡಿದ್ದೆ. ನಾನು ಬಾಗಿಲ ಹಿಂದೆ ಇರುವುದು ಗೊತ್ತಿದ್ದೇ ಅಷ್ಟು ಹೊತ್ತು ಕೂತರೆಂದೂ ಅಂದುಕೊಂಡಿದ್ದೆ.

ಮಾರನೆಯ ದಿನ ಅಜ್ಜಿ ಹಟ ಹಿಡಿದಳು. ಗಂಡ ಕೊನೆಗೆ ಕೂತ ಜಾಗ ನೋಡಬೇಕು. ತರೀಕೆರೆಯವರೆಗೆ ಹೋಗಿ, ಅಲ್ಲಿಂದ ಲಿಂಗದಹಳ್ಳಿಯ ಸಿದ್ದಪ್ಪನ ಬಾಡಿಗೆ ಗಾಡಿ ಹತ್ತಿದೆವು. ಸಿದ್ದಪ್ಪ ಬಾಯಿ ಮುಚ್ಚದ ಆಸಾಮಿ. ತನ್ನ ಎಡಗಡೆ ಎತ್ತಿಗೆ ಹೆಂಡತಿಯ ಬುದ್ಧಿಯೆಂದೂ, ಬಲಗಡೆಯದಕ್ಕೆ ಅತ್ತೆಯ ಬುದ್ಧಿಯೆಂದೂ, ನಡುವೆ ತನ್ನ ಗತಿ ನೀವೇ ನೋಡ್ತಿದೀರಲ್ಲ ಎಂದೂ ಹೇಳುತ್ತ ಬಂದ. ಅಜ್ಜಿ ಕೂಡ ಒಮ್ಮೆ ನಕ್ಕಳು. ಆ ತಿಂಗಳುಗಳಲ್ಲಿ ಅವಳು ನಕ್ಕದ್ದು ಅದೊಂದೇ.

ಒರತೆ ಚಿಕ್ಕದು. ಕಪ್ಪು ಕಲ್ಲೊಂದು ಬಿದಿರಿನ ಬುಡದಲ್ಲಿ, ಮೇಲೆ ಒಣಗಿದ ಹೂವು. ಕಥೆಯ ಒರತೆಗಳಿಗೂ ಒಂದು ಊರು, ಒಂದು ದಾರಿ ಇರುತ್ತದೆಂದು ನಾನು ಎಂದೂ ನೆನೆಸಿರಲಿಲ್ಲ. ಅಜ್ಜಿ ಕಲ್ಲಿನ ಪಕ್ಕ ನೆಲವನ್ನು ಮುಟ್ಟಿ ಮುಟ್ಟಿ ನೋಡಿದಳು. ಬೆಚ್ಚಗಿದೆಯೇನೋ ಎಂದು ನೋಡುವ ಹಾಗೆ. ಅಳಲಿಲ್ಲ. ಕಲ್ಲನ್ನು ಸುತ್ತುಹಾಕಿ ಬಂದು ಗಾಡಿ ಹತ್ತಿದಳು.

ಸಿದ್ದಪ್ಪ ಎತ್ತುಗಳಿಗೆ ನೀರು ಕುಡಿಸಿ ನೊಗ ಕಟ್ಟಿದ. ದಾರಿ ನೇರಕ್ಕಿತ್ತು. ಅವನು ನೇರ ಹೋಗಲಿಲ್ಲ. ಗಾಡಿಯನ್ನು ಅಷ್ಟು ಇಕ್ಕಟ್ಟಿನಲ್ಲಿ ಕಷ್ಟಪಟ್ಟು ತಿರುಗಿಸಿ, ಬಿದಿರುಮೆಳೆಯ ಹಿಂದಿನಿಂದ ಒಂದು ಸುತ್ತು ಹೊಡೆದ.

"ಯಾಕೋ ಈ ಸುತ್ತು? ದಾರಿ ಇಲ್ಲೇ ಇದೆಯಲ್ಲ," ಎಂದರು ಶಿವಮೂರ್ತಪ್ಪನವರು.

"ಬಲಕ್ಕೆ ಹಾಕ್ಕೋಬೇಕಲ್ಲ ಬುದ್ಧಿ. ಎತ್ತಿಗೆ ನೀರು ಕುಡ್ಸಿದ್ಮೇಲೆ ತೀರ್ಥಪ್ಪನ್ನ ಬಲಕ್ಕೆ ಹಾಕ್ಕೊಂಡೇ ಹೊರಡೋದು. ಇಲ್ದಿದ್ರೆ ಇಳಿಜಾರಲ್ಲಿ ಅಚ್ಚು ಮುರೀತದೆ."

"ಯಾರನ್ನ?"

"ತೀರ್ಥಪ್ಪನ್ನ. ಈ ದೇವರ ಹೆಸರು ಅದೇ ಅಲ್ವ್ರಾ?"

ಹಿಂದೆ ಬಟ್ಟೆಯ ಸದ್ದಾಯಿತು. ತಿರುಗಿ ನೋಡಿದೆ. ಅಜ್ಜಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡಿದ್ದಳು — ಯಾರಾದರೂ ಎದುರಿಗೇ ಗಂಡನ ಹೆಸರು ಹೇಳಿದಾಗ ಎಳೆದುಕೊಳ್ಳುತ್ತಿದ್ದ ಹಾಗೆ.

ಶಿವಮೂರ್ತಪ್ಪನವರು ಗಾಡಿ ನಿಲ್ಲಿಸಲು ಹೇಳಿದರು. ಬಹಳ ಹೊತ್ತು ನಸ್ಯದ ಡಬ್ಬಿಯನ್ನು ತೆರೆಯದೆ ಹಿಡಿದಿದ್ದರು.

"ಮಲ್ಲಿಕಾಂಬ, ನಿಮ್ಮಜ್ಜಿ ಹೇಳೋ ಆ ಕಥೆ ಇದೆಯಲ್ಲ. ಅದನ್ನ ಒಂದ್ಸಲ ನನ್ನ ಬಲಗಿವಿಗೆ ಹೇಳು."

ಹೇಳಿದೆ. ಓಂಕಾರಮೂರ್ತಿ ಜಗಲಿಯಲ್ಲಿ ಕೂತದ್ದನ್ನೂ ಹೇಳಬೇಕಾಯಿತು.

"ಸಿದ್ದಪ್ಪ, ಈ ದೇವರ ಹೆಸರು ಇದಕ್ಕೆ ಮೊದಲು ಯಾರಾದ್ರೂ ಕೇಳಿದ್ರಾ?"

"ಕೇಳಿದ್ರಲ್ಲ. ಶ್ರಾವಣದಾಗೆ ಒಬ್ರು ಕನ್ನಡಕದೋರು ಬಂದಿದ್ರು, ನನ್ನ ಗಾಡೀಲೇ. ಕೊಡೆ ಹಿಡಿ ಬೆಳ್ಳೀದು. ಹೆಸರು ಹೇಳ್ದೆ. ಅಲ್ಲೇ ಕುಸ್ದು ಕೂತ್ಬಿಟ್ರು. ಪಿತ್ತ ಏನೋ ಅಂತ ನೀರು ತಂದ್ಕೊಟ್ಟೆ."

ಆ ಕೊಡೆ ನಿಶ್ಚಯದ ದಿನ ತಾತ ಕೊಟ್ಟದ್ದು.

ಶಿವಮೂರ್ತಪ್ಪನವರು ತರೀಕೆರೆಯ ತಾಲ್ಲೂಕು ಕಚೇರಿಗೆ ಓಂಕಾರಮೂರ್ತಿಯನ್ನು ತಂತಿ ಕೊಟ್ಟು ಕರೆಸಿದರು. ಅಮಲ್ದಾರರು ದೇವೀರಪ್ಪನವರೆಂದು, ಮಾತು ಕಡಿಮೆ, ಒಳ್ಳೆಯವರು. ಕಂದಾಯದ ವಾಯಿದೆಯ ದಿನವಾದ್ದರಿಂದ ಕಚೇರಿ ತುಂಬಿತ್ತು. ಶಾನುಭೋಗರು, ಪಟೇಲರು, ಕಿಟಕಿಗೆ ಜೋತುಬಿದ್ದ ರೈತರು. ನಮ್ಮ ವಿಷಯವೆಂದು ಗೊತ್ತಾಗಿ ಅಜ್ಜಂಪುರದಿಂದ ಬಸವರಾಜಪ್ಪನೂ ಬಂದು ಗೋಡೆಗೆ ಒರಗಿದ್ದ.

ಶಿವಮೂರ್ತಪ್ಪನವರು ನಿಂತು ಹೇಳಿದರು. ಏರುದನಿಯಿಲ್ಲ.

"ಸ್ವಾಮಿ, ಅಚ್ಚಾದ ಪುಸ್ತಕದಲ್ಲಿ ಇರುವುದು ಬೆಂಬಲ. ಸಪೋರ್ಟ್. ಕರಿಯಪ್ಪ ಹೇಳಿದ್ದು ಬಲ. ಎತ್ತಿಗೆ ನೀರು ಕುಡಿಸಿ, ತೀರ್ಥಪ್ಪನನ್ನು ಬಲಕ್ಕೆ ಹಾಕಿಕೊಂಡು ಹೊರಟೆವು. ಆ ದಾರಿಯಲ್ಲಿ ಕಳ್ಳನೂ ಹಾಗೇ ಮಾಡುತ್ತಾನೆ, ಕಳ್ಳನನ್ನು ಹಿಡಿಯಲು ಹೋಗುವವನೂ ಹಾಗೇ ಮಾಡುತ್ತಾನೆ. ಅಲ್ಲಿ ತೀರ್ಥಪ್ಪ ಅಂದರೆ ಒಂದು ಕಲ್ಲು. ಬಲಕ್ಕೆ ಅಂದರೆ ಬಲಗೈಯ ಕಡೆಗೆ. ಇಷ್ಟೇ ಇದ್ದದ್ದು."

ಕಚೇರಿಯಲ್ಲಿ ಯಾರೋ ಕೆಮ್ಮಿದರು.

"ಅಕ್ಕನಿಂದ ತಿಳಿಯಿತು, ನನ್ನ ಭಾವನ ತಾಯಿ ಲಿಂಗದಹಳ್ಳಿಯವರು. ಆ ಕಲ್ಲಿಗೆ ಹರಕೆ ಹೊತ್ತು ಹಡೆದ ಮಗನಿಗೆ ಅದರ ಹೆಸರಿಟ್ಟರು. ಮನುಷ್ಯರೆಲ್ಲ ಕೈಬಿಟ್ಟ ಮೇಲೆ ಮುದುಕರು ಆ ಹೆಸರು ಕೊಟ್ಟವನ ಹತ್ತಿರ ಹೋದರು. ಅದಕ್ಕೇ ಅಲ್ಲಿ ಸತ್ತರು. ತಮ್ಮನ್ನು ಕೆಡಿಸಿದ್ದು ಅದೇ ಕಲ್ಲಿನ ಹೆಸರೆಂದು ಅವರಿಗೆ ಗೊತ್ತಿರಲಿಲ್ಲ. ಯಾಕೆಂದರೆ ಕರಿಯಪ್ಪನ ಕನ್ನಡವನ್ನು ಅವರಿಗೆ ಯಾರೂ ಹೇಳಲಿಲ್ಲ. ದೇವರ ಹೆಸರು ಬಲ್ಲವರು ಮನೆಯಲ್ಲೇ ಇನ್ನೊಬ್ಬರಿದ್ದರು. ಮೊಮ್ಮಕ್ಕಳಿಗೆ ಕಥೆ ಹೇಳುತ್ತಿದ್ದರು. ಹೆಸರು ಬರುವ ಜಾಗದಲ್ಲಿ ನಕ್ಕು ಸುಮ್ಮನಾಗುತ್ತಿದ್ದರು. ಗಂಡನ ಹೆಸರು ಬಾಯಲ್ಲಿ ಹೇಳಬಾರದಲ್ಲ, ಅದಕ್ಕೆ. ನಾವೆಲ್ಲ ಅದನ್ನು ಹೆಸರಿಲ್ಲದ ದೇವರು ಅಂದುಕೊಂಡೆವು."

ಅವರು ಓಂಕಾರಮೂರ್ತಿಯ ಕಡೆ ತಿರುಗಿದರು.

"ಅಂದುಕೊಳ್ಳದವರು ಒಬ್ಬರೇ. ಸುತ್ತು ಬಂದು ಹೋಗುವರು ಅನ್ನೋ ಮಾತು ಕೇಳಿದ ತಕ್ಷಣ ನಿಮಗೆ ಕರಿಯಪ್ಪನ ಮಾತು ನೆನಪಾಯಿತು. ಇಂಗ್ಲಿಷು ಓದಿದ ಗಂಡಸು ಮಕ್ಕಳ ಕಥೆಯ ದೇವರ ಹೆಸರನ್ನು ಅಷ್ಟು ಸಲ ಯಾಕೆ ಕೇಳ್ತಾನೆ? ಅಜ್ಜಿ ಹೇಳಲಿಲ್ಲ. ಒರತೆಗೇ ಹೋಗಿ ಕೇಳಿದಿರಿ. ತಪ್ಪು ಅರ್ಥ ಮಾಡಿದ್ದಕ್ಕೆ ನಾನು ನಿಮ್ಮನ್ನು ದೂರೋದಿಲ್ಲ. ಅದು ಯಾರಿಗೂ ಆಗಬಹುದು. ಶ್ರಾವಣದಲ್ಲಿ ನಿಮಗೆ ತಿಳಿಯಿತು. ತೀರ್ಥಪ್ಪನವರು ಸತ್ತದ್ದು ದೀಪಾವಳಿ ಕಳೆದ ಮೇಲೆ. ನಡುವೆ ಸುಮ್ಮನಿದ್ದಿರಿ. ಅವರನ್ನು ಕೊಂದದ್ದು ಪುಸ್ತಕ ಅಲ್ಲ, ನೀವು."

ಓಂಕಾರಮೂರ್ತಿ ಅಲ್ಲಗಳೆಯಲಿಲ್ಲ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಬಲಕ್ಕೆ ಹಾಕ್ಕೊಂಡು ಅಂತಲೇ ಹೇಳಿದ್ದ," ಎಂದರು. "ನಾನು ಗಾಡಿ ಹೊಡೆದವನಲ್ಲ. ಬಲ ಅಂದರೆ ಸಹಾಯ ಅಂದುಕೊಂಡೆ. ಅಚ್ಚಾದ ಮೇಲೆ ನನಗೆ ಹುಜೂರು ಸೆಕ್ರೆಟರಿಯೇಟಿನಲ್ಲಿ ಜಾಗ ಆಗುವುದಿತ್ತು. ಭಾಷಾಂತರ ತಪ್ಪಿದವನಿಗೆ ಯಾರು ಕೊಡ್ತಾರೆ? ಆರ್ಡರು ಕೈಗೆ ಬರಲಿ, ಮಾರನೇ ದಿನವೇ ಹೇಳಿಬಿಡೋಣ ಅಂತಿದ್ದೆ. ನಿಜವಾಗಿ ಹಾಗೇ ಅಂದುಕೊಂಡಿದ್ದೆ."

"ಆರ್ಡರು ಬಂತಾ?" ಎಂದು ಕೇಳಿದವಳು ನಾನು. ಅವರೊಡನೆ ನಾನು ನೇರವಾಗಿ ಆಡಿದ ಮೊದಲ ಮಾತು ಅದು.

"ಬಂತು," ಎಂದರು. "ಅವರ ಸಾವಿನ ಸುದ್ದಿ ಬಂದ ವಾರವೇ."

ಆಮೇಲೆ ನನ್ನತ್ತ ನೋಡಲಿಲ್ಲ. ನೋಡಿದ್ದರೂ ಏನಾಗುತ್ತಿತ್ತು? ಆ ಮನುಷ್ಯನ ಮೇಲೆ ಸಿಟ್ಟು ತಂದುಕೊಳ್ಳಬೇಕೆಂದು ಅಲ್ಲೇ ನಿಂತು ಒಳಗೆಲ್ಲ ಹುಡುಕಿದೆ. ಶ್ರಾವಣದ ಜಗಲಿಯೊಂದೇ ಸಿಕ್ಕಿತು, ಖಾಲಿ.

ಅಮಲ್ದಾರರು ಲೇಖನಿಯನ್ನು ಕೆಳಗಿಟ್ಟರು. ತಪ್ಪೊಪ್ಪಿಗೆಯನ್ನು ಬರೆದು ಮೇಲಕ್ಕೆ ಕಳಿಸುತ್ತೇನೆ ಎಂದರು. ಸರ್ಕಾರ ಒಂದು ತಿದ್ದುಪಡಿ ಚೀಟಿ ಅಚ್ಚು ಹಾಕಿಸಬಹುದು. ಪುಸ್ತಕವೋ, ಎಲ್ಲ ಜಿಲ್ಲೆಗಳಿಗೆ ಹೋಗಿದೆ, ಮದರಾಸಿಗೆ ಹೋಗಿದೆ, ಸಮುದ್ರದಾಚೆಯ ಸೀಮೆಗೂ ಹೋಗಿದೆ. ಚೀಟಿಯನ್ನು ಆ ಪುಟಕ್ಕೆ ಅಂಟಿಸುವವರು ಯಾರು?

"ತಾಯಿ, ನಿಮಗೆ ಸುಳ್ಳು ಹೇಳಲಾರೆ," ಎಂದರು ಅಜ್ಜಿಗೆ. "ಇನ್ನು ನೂರು ವರ್ಷ ಬಿಟ್ಟು ಯಾರಾದರೂ ಅದನ್ನು ತೆರೆದರೆ, ಓದುವುದು ಹಳೆಯದನ್ನೇ."

ಅಜ್ಜಿ ತಲೆಯಾಡಿಸಿದಳು. ಅಷ್ಟು ಹೊತ್ತೂ ಬಾಗಿಲ ಬಳಿ ನೆಲದ ಮೇಲೆ ಕೂತಿದ್ದಳು. ಪುಸ್ತಕದಲ್ಲಿದ್ದವರು ಇವರಲ್ಲವೆನ್ನುವುದಕ್ಕೆ ಹೆಂಡತಿಯ ಹೇಳಿಕೆಯೂ ಬೇಕು ಎಂದು ಗುಮಾಸ್ತ ಕರೆದ. ಎದ್ದು ಬಂದು ಮೇಜಿನ ಮುಂದೆ ನಿಂತಳು.

"ಹೆಸರು?"

"ಗುರುಶಾಂತಮ್ಮ."

"ಗಂಡನ ಹೆಸರು?"

ಕೇಳಿದವನೇ ಗುಮಾಸ್ತ ವಾಡಿಕೆಯಂತೆ ನನ್ನ ಕಡೆ ನೋಡಿದ. ಇಂಥಲ್ಲಿ ಹೆಂಗಸರ ಪರವಾಗಿ ಜೊತೆಯಲ್ಲಿ ಬಂದವರು ಹೇಳುವುದು ರೂಢಿ. ಕಚೇರಿಯೂ ನನ್ನ ಕಡೆ ನೋಡಿತು. ನಾನು ಬಾಯಿ ತೆರೆದೆ. ಅಜ್ಜಿ ನನ್ನ ಮೊಣಕೈ ಹಿಡಿದಳು. ಅವಳ ಬೆರಳು ತಣ್ಣಗಿದ್ದವು.

ಮದುವೆಯ ದಿನ ಹೊಸಿಲ ಮೇಲೆ ನಿಲ್ಲಿಸಿ ಗಂಡನ ಹೆಸರಿಟ್ಟು ಒಡಪು ಹೇಳಿಸಿದಾಗ ಒಮ್ಮೆ ಹೇಳಿದ್ದಳಂತೆ. ಅಂದಿನಿಂದ ಆ ಹೆಸರನ್ನು ಅವಳ ನಾಲಗೆ ಮುಟ್ಟಿರಲಿಲ್ಲ. ಗಂಡನದಾಗಲಿ, ಕಲ್ಲಿನದಾಗಲಿ. ಸೆರಗು ಜಾರಿತು. ಎಳೆದುಕೊಳ್ಳಲಿಲ್ಲ. ಗೋಡೆಗೊರಗಿದ್ದ ಬಸವರಾಜಪ್ಪನ ಕಡೆ ನೋಡಿದಳು, ಶಾನುಭೋಗರ ಕಡೆ, ಕಿಟಕಿಯ ಕಡೆ ನೋಡಿದಳು. ಆಮೇಲೆ ಕೊನೆಯ ಸಾಲಿನಲ್ಲಿ ನಿಂತವರಿಗೂ ಕೇಳುವ ಹಾಗೆ ಹೇಳಿದಳು.

"ತೀರ್ಥಪ್ಪ."